ಸ್ಟೇನ್‌ಲೆಸ್ ಶಾಫ್ಟಿಗೆ ಎದ್ದ ದಡಾರ

ದೀಪಾವಳಿ ಕಳೆದ ಮೂರನೇ ವಾರ ಇಚಲಕರಂಜಿಯಿಂದ ಫೋನು ಬಂದಾಗ, ಕೊಲ್ಲಾಪುರದ ನಮ್ಮ ಶೆಡ್ಡಿನಲ್ಲಿ ನಾನು ಆರ್ಗಾನ್ ಸಿಲಿಂಡರಿನ ಸರಪಳಿ ಬಿಗಿಯಾಗಿದೆಯೋ ಇಲ್ಲವೋ ಎಂದು ಆ ದಿನದಲ್ಲಿ ನಾಲ್ಕನೇ ಸಲ ಎಳೆದು ನೋಡುತ್ತಿದ್ದೆ. ಸಿಲಿಂಡರು ಇವತ್ತಿನವರೆಗೆ ಒಮ್ಮೆಯೂ ಬಿದ್ದಿಲ್ಲ. ನಾನು ಎಳೆದು ನೋಡುವುದರಿಂದಲೇ ಬಿದ್ದಿಲ್ಲ ಎಂಬುದು ನನ್ನ ನಂಬಿಕೆ. ಶೆಡ್ಡಿನವರ ನಂಬಿಕೆ ಬೇರೆ.

"ಸಾಹೇಬ್ರ, ನಿಮ್ಮ ಶಾಫ್ಟಿಗೆ ದಡಾರ ಎದ್ದೈತ್ರಿ."

ಮಾತಾಡಿದವರು ಬಟ್ಟೆ ಬಿಳುಪು ಮಾಡಿ ಬಣ್ಣ ಹಾಕುವ ಒಂದು ಪ್ರೊಸೆಸ್ ಹೌಸಿನ ಮೇಂಟೆನನ್ಸ್ ಮುಖ್ಯಸ್ಥರು. ಅಥಣಿ ಕಡೆಯವರು, ಇಚಲಕರಂಜಿಯಲ್ಲೇ ತಲೆ ನರೆತವರು.

"ದಡಾರ ಅಂದ್ರ ಏನ್ರಿ?"

"ದಡಾರ ಅಂದ್ರ ದಡಾರ. ಮೈತುಂಬ ಕೆಂಪು ಚುಕ್ಕಿ. ಕೂಸಿಗೆ ಎದ್ರ ಹಾಸಿಗ್ಯಾಗ ಬೇವಿನ ತಪ್ಪಲಾ ಇಡತೀವಿ. ಶಾಫ್ಟಿಗೆ ಏನ ಇಡೂಣು, ನೀವ ಬಂದು ಹೇಳ್ರಿ."

ನಮ್ಮದು ಲೇಸರ್ ಕ್ಲ್ಯಾಡಿಂಗ್ ಕೆಲಸ; ಗುಣಮಟ್ಟ ವಿಭಾಗದ ಮುಖ್ಯಸ್ಥ ನಾನು. ಸಾದಾ ಉಕ್ಕಿನ ಶಾಫ್ಟನ್ನು ನಿಧಾನ ತಿರುಗಿಸುತ್ತ, ಅದರ ಮೇಲೆ ಲೇಸರ್ ಕಿರಣ ಬೀಳಿಸಿ, ಕಿರಣ ಬಿದ್ದ ಜಾಗಕ್ಕೇ ನಳಿಕೆಯಿಂದ ಸ್ಟೇನ್‌ಲೆಸ್ ಸ್ಟೀಲಿನ ಪುಡಿ ಊದುತ್ತೇವೆ. ಪುಡಿ ಕರಗಿ ಶಾಫ್ಟಿನ ಮೈಗೆ ಬೆಸೆದುಕೊಳ್ಳುತ್ತದೆ. ಸುರುಳಿ ಸುರುಳಿಯಾಗಿ ಒಂದು ಪದರ, ಅದರ ಮೇಲೆ ಇನ್ನೊಂದು. ಮೊದಲ ಪದರದಲ್ಲಿ ತಳದ ಸಾದಾ ಉಕ್ಕೂ ಸ್ವಲ್ಪ ಕಲೆತುಬಿಡುತ್ತದೆ, ಹಾಲಿಗೆ ನೀರು ಬಿದ್ದಂತೆ; ಎರಡನೆಯದು ಬೇಕಾಗುವುದು ಅದಕ್ಕೇ. ಆಮೇಲೆ ಲೇಥಿನಲ್ಲಿ ಅಳತೆಗೆ ತಂದು, ಪಾಲಿಶ್ ಚಕ್ರ ಹಿಡಿದು, ಮೂಲೆ ಮುಡುಕಿಗೆ ತಂತಿ ಬ್ರಷ್ ಆಡಿಸಿ ಮುಗಿಸುವುದು. ಒಳಗೆ ಗಟ್ಟಿ ಸಾದಾ ಉಕ್ಕು, ಹೊರಗೆ ಒಂದು ಮಿಲಿಮೀಟರಿನಷ್ಟು ಸ್ಟೇನ್‌ಲೆಸ್ ಚರ್ಮ.

ಹೀಗೆ ಮಾಡಿದ ಆರು ಪಂಪ್ ಶಾಫ್ಟುಗಳನ್ನು ಇಚಲಕರಂಜಿಗೆ ಕಳಿಸಿದ್ದೆವು. ಬಿಳುಪು ಮಾಡಿದ ಬಟ್ಟೆ ತೊಳೆದ ನೀರನ್ನು ಎತ್ತುವ ಪಂಪುಗಳವು. ಆ ನೀರಿನಲ್ಲಿ ಬ್ಲೀಚಿನ ಅಂಶ ಅಷ್ಟಿಷ್ಟು ಉಳಿದಿರುತ್ತದೆ. ಸಾದಾ ಉಕ್ಕನ್ನು ಒಂದೆರಡು ವರ್ಷದಲ್ಲಿ ತಿಂದು ಮುಗಿಸುತ್ತದೆ. ಸ್ಟೇನ್‌ಲೆಸ್ಸಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಕ್ರೋಮಿಯಂ ಪೊರೆ ಕಟ್ಟಿಕೊಂಡಿರುವುದರಿಂದ ಅದು ತಡೆಯಬೇಕು. ತಡೆಯುತ್ತದೆ ಎಂದು ಶಾಫ್ಟುಗಳ ಜೊತೆ ಒಂದು ಪ್ರಮಾಣಪತ್ರವನ್ನೂ ಕಳಿಸಿದ್ದೆ. ಉಪ್ಪುನೀರಿನ ಮಂಜು ಕವಿಸುವ ಪೆಟ್ಟಿಗೆಯಲ್ಲಿಟ್ಟು ಪರೀಕ್ಷಿಸಿದ್ದು, ತುಕ್ಕಿಲ್ಲ, ಕೆಳಗೆ ನನ್ನ ಸಹಿ. ಸಹಿ ಮಾಡುವ ಮುಂಚೆ ಪ್ರತಿ ಸಾಲನ್ನು ಮೂರು ಸಲ ಓದುವವನು ನಾನು. ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ಪೆಟ್ಟಿಗೆಯಲ್ಲಿಟ್ಟದ್ದು ಶಾಫ್ಟಲ್ಲ, ಬೇಸಿಗೆಯಲ್ಲಿ ಮಾಡಿದ ಅಂಗೈಯಗಲದ ಒಂದು ಮಾದರಿ ಪಟ್ಟಿ ಎಂಬುದನ್ನು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ, ಅಷ್ಟೇ.

ಮರುದಿನ ಬೆಳಿಗ್ಗೆಯೇ ಹೊರಟೆ. ಹಾತಕಣಂಗಲೆ ಬರುವುದರೊಳಗೆ ನನ್ನ ತಲೆಯಲ್ಲಿ ಹನ್ನೊಂದು ಕಾರಣಗಳು ಸಿದ್ಧವಾಗಿದ್ದವು. ಹನ್ನೊಂದರಲ್ಲಿ ಒಂಬತ್ತು ಅವರ ತಪ್ಪು. ಚಿಂತೆ ಮಾಡುವವನಿಗೆ ಇದೊಂದು ಅನುಕೂಲ: ಕಾರಣಕ್ಕೆ ಬರ ಇರುವುದಿಲ್ಲ.

ಪಂಪ್ ಬಿಚ್ಚಿಟ್ಟಿದ್ದರು. ಶಾಫ್ಟಿನ ಮೇಲೆ ಸಾಸಿವೆ ಕಾಳಿನಷ್ಟು ದೊಡ್ಡ ಕಂದು ಚುಕ್ಕಿಗಳು, ಕೆಲವು ಉಗುರಿಗೆ ತಾಗುವಷ್ಟು ಒಳಗೆ ಇಳಿದಿದ್ದವು.

"ನಿಮ್ಮ ನೀರಾಗ ಬ್ಲೀಚ್ ಜಾಸ್ತಿ ಆಗಿರಬೇಕ್ರಿ," ಎಂದೆ, ಒಂಬತ್ತರಲ್ಲಿ ಮೊದಲನೆಯದನ್ನು ತೆಗೆದು.

ಮುಖ್ಯಸ್ಥರು ನನ್ನನ್ನು ಸ್ಟೋರಿಗೆ ಕರೆದುಕೊಂಡು ಹೋದರು. ಆರರಲ್ಲಿ ಎರಡನ್ನು ಮಾತ್ರ ಪಂಪಿಗೆ ಹಾಕಿದ್ದರು. ಉಳಿದ ನಾಲ್ಕು ಮೇಜಿನ ಮೇಲೆ ಇದ್ದವು. ಅವಕ್ಕೂ ಅದೇ ಚುಕ್ಕಿ, ಸ್ವಲ್ಪ ತಿಳಿ ಬಣ್ಣದ್ದು.

"ಇವು ನೀರು ಕಂಡಿಲ್ಲ, ಬ್ಲೀಚ್ ಕಂಡಿಲ್ಲ. ಬಂದಾಗಿಂದ ಇಲ್ಲೇ ಆರಾಮ ಮಲಗ್ಯಾವ. ಇವಕ್ಕ ಏನಾಗೇತಿ? ನಿಮ್ಮಂಗ ಚಿಂತಿ ಮಾಡಿ ಮಾಡಿ ಎದ್ದಾವೇನ?"

ಉಳಿದ ಎಂಟು ಕಾರಣಗಳನ್ನು ನಾನು ಬಾಯಿಂದ ಹೊರಗೆ ತೆಗೆಯಲಿಲ್ಲ.

"ನೋಡ್ರಿ ಸಾಹೇಬ್ರ," ಎಂದರು ಅವರು, ಈ ಸಲ ನಗದೆ. "ಈ ತುಕ್ಕು ನೀರಾಗ ಬಂತಂದ್ರ ಬಿಳಿ ಬಟ್ಟಿ ಮ್ಯಾಲ ಚುಕ್ಕಿ ಬೀಳ್ತೈತಿ. ಆವಾಗ ಶಾಫ್ಟ್ ಹೋಗೂದಿಲ್ಲ, ನಾ ಹೋಗ್ತೀನಿ. ನಿಮ್ಮ ಕಾಗದ ನೋಡಿ ಹಾಕ್ಸಿದಾಂವ ನಾನ."

ಶೆಡ್ಡಿಗೆ ಹಿಂದಿರುಗಿ ಮಾಲೀಕರಿಗೆ ಹೇಳಿದೆ. ಅವರು ನನ್ನನ್ನು ಕರೆಯುವುದೇ 'ಕಾಳಜಿ ಸಾಹೇಬ' ಎಂದು. ನಾನು ಬಾಯಿ ಮುಚ್ಚುವುದರೊಳಗೆ ಅವರು ತೀರ್ಪು ಕೊಟ್ಟಾಗಿತ್ತು.

"ಪವರ್ ಜಾಸ್ತಿ ಇಟ್ಟಾನ. ತಳದ ಕಬ್ಬಣ ಕರಗಿ ಮ್ಯಾಲ ಬಂದೈತಿ. ಇಷ್ಟ ಐತಿ ವಿಷಯ. ಕರೀರಿ ಅವನ್ನ."

'ಅವನು' ಎಂದರೆ ನಮ್ಮ ಲೇಸರ್ ಆಪರೇಟರ್. ಗಡಹಿಂಗ್ಲಜದ ಹತ್ತಿರದ ನೂಲ ಎಂಬ ಹಳ್ಳಿಯವನು, ನಲವತ್ತರ ಆಸುಪಾಸು, ಶನಿವಾರ ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ಬರುವವನು. ಅವನ ಕೈಯ ಪದರ ನೋಡಿದರೆ ಹೊಲಿಗೆ ಹಾಕಿದಂತಿರುತ್ತದೆ.

"ಮಾಲಕ್ರ, ನಾ ಒಂದು ನಂಬರ ಬದಲಿ ಮಾಡಿಲ್ರಿ," ಎಂದ. "ಮಶೀನು ಎಲ್ಲಾ ಬರ್ದು ಇಟ್ಕೋತೈತಿ. ತಗದು ನೋಡ್ರಿ."

"ಮಶೀನಿಗೆ ಕೈ ಇಲ್ಲೋ. ಕೈ ನಿಂದು."

ಅವನು ನನ್ನ ಕಡೆ ನೋಡಿದ. ನಾನು ಪರೀಕ್ಷೆ ಮಾಡಿಸೋಣ ಎಂದೆ. ನಮ್ಮಂಥವರು ಯಾವ ಕಡೆಗೂ ನಿಲ್ಲದೆ ಇರಬೇಕಾದರೆ ಹೇಳುವ ಮಾತು ಅದು.

ಪರೀಕ್ಷೆಗಳು ಶುರುವಾದವು. ಮಶೀನಿನ ದಾಖಲೆ ತೆಗೆದು ನೋಡಿದೆ. ಪವರು, ವೇಗ, ಪುಡಿಯ ಹರಿವು, ಎಲ್ಲವೂ ಹಾಕಿಕೊಟ್ಟಂತೆಯೇ ಇದ್ದವು. ಇದರಿಂದ ಸಮಾಧಾನವಾಗಬೇಕಿತ್ತು. ಬದಲಿಗೆ ದಾಖಲೆಯೇ ತಪ್ಪು ತೋರಿಸುತ್ತಿದ್ದರೆ ಎಂದು ಹೊಸ ಚಿಂತೆ ಹತ್ತಿತು. ಸ್ಟೋರಿನಲ್ಲಿದ್ದ ಒಂದು ಶಾಫ್ಟನ್ನು ತಂದು, ಮಾಲೀಕರ ಮುಖ ನೋಡದೆ, ಗರಗಸಕ್ಕೆ ಕೊಟ್ಟೆ. ಅಡ್ಡ ಕತ್ತರಿಸಿದ ಬಿಲ್ಲೆಯೊಂದನ್ನು ಊರಿನ ಲ್ಯಾಬಿಗೆ ಒಯ್ದೆ. ಕಿಡಿ ಹಾರಿಸಿ, ಅದರ ಬೆಳಕಿನಲ್ಲಿ ಯಾವ ಲೋಹ ಎಷ್ಟಿದೆ ಎಂದು ನೋಡಿದರು. ಮೇಲಿನ ಪದರದಲ್ಲಿ ಕ್ರೋಮಿಯಂ ಎಷ್ಟಿರಬೇಕೋ ಅಷ್ಟಿತ್ತು. ಅಂದರೆ ತಳದ ಕಬ್ಬಿಣ ಮೇಲೆ ಬಂದಿರಲಿಲ್ಲ. ಕೆಂಪು ದ್ರವ ಹಚ್ಚಿ, ಒರೆಸಿ, ಬಿಳಿ ಪುಡಿ ಸಿಂಪಡಿಸಿ ಬಿರುಕು ಹುಡುಕುವ ಪರೀಕ್ಷೆಯನ್ನೂ ಮಾಡಿದೆ. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಮೂಡಲಿಲ್ಲ. ಪುಡಿಗೆ ತೇವ ಹತ್ತಿರಬಹುದು ಎಂದು ಒಲೆಯಲ್ಲಿ ಒಣಗಿಸಿ ಹೊಸ ಮಾದರಿ ಪಟ್ಟಿ ಮಾಡಿಸಿದೆ. ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸವಿರಲಿಲ್ಲ.

ಒಂದೊಂದೇ ಬಾಗಿಲು ತಟ್ಟಿದೆ, ಪ್ರತಿ ಮನೆಯಲ್ಲೂ "ನಮ್ಮಲ್ಲಿ ಅಂಥವರು ಇಲ್ಲ" ಎಂದರು. ಎಲ್ಲವೂ ಸರಿಯಿದ್ದು ವಸ್ತು ಮಾತ್ರ ಕೆಟ್ಟಿರುವುದಕ್ಕಿಂತ ಕಿರಿಕಿರಿಯ ಸ್ಥಿತಿ ಇನ್ನೊಂದಿಲ್ಲ. ಮನೆಯಲ್ಲಿ ಹೆಂಡತಿ ಹಿತ್ತಾಳೆಯ ದೀಪದ ಸಮೆ ಬೆಳಗುವುದನ್ನು ನೋಡಿಯೂ ನಿಟ್ಟುಸಿರು ಬಿಟ್ಟೆನಂತೆ. "ದೀಪಕ್ಕೂ ತುಕ್ಕು ಹತ್ತತೈತಿ ಅಂತೇನು?" ಎಂದಳು.

ಅಷ್ಟರಲ್ಲಿ ಇಚಲಕರಂಜಿಯವರು ತಡೆಯಲಾರದಾದರು. ಕಾರಣ ಆಮೇಲೆ ಹುಡುಕಿ, ಮೊದಲು ಚುಕ್ಕಿ ತೆಗೆದು ಕೊಡಿ ಎಂದರು. ಕತ್ತರಿಸಿದ್ದು ಬಿಟ್ಟು ಉಳಿದ ಐದು ಶಾಫ್ಟುಗಳನ್ನು ತರಿಸಿದೆ. ಈ ಸಲ ಪಾಲಿಶ್ ಕೆಲಸವನ್ನು ಯಾರ ಕೈಗೂ ಬಿಡದೆ ನಾನೇ ಎದುರಿಗೆ ನಿಂತು ಮಾಡಿಸಿದೆ. ಒಮ್ಮೆ ಪಾಲಿಶ್ ಆದದ್ದನ್ನು ಮತ್ತೊಮ್ಮೆ ಮಾಡಿಸಿದೆ. ಮೂಲೆಗಳಿಗೆ ನಾನೇ ಬ್ರಷ್ ಹಿಡಿದೆ. ಮುಖ ನೋಡಿಕೊಳ್ಳುವಂತೆ ಹೊಳೆದವು. ಎಣ್ಣೆಕಾಗದದಲ್ಲಿ ಸುತ್ತಿ, ನನ್ನ ಎದುರಿಗೇ ಟೆಂಪೋಕ್ಕೆ ಏರಿಸಿ, ಹಗ್ಗ ಎಳೆದು ನೋಡಿ ಕಳಿಸಿದೆ.

ಹನ್ನೆರಡನೇ ದಿನ ಫೋನು.

"ಸಾಹೇಬ್ರ, ಹಿಂದಿನಕಿಂತ ಭಾಳ ಚಲೋ ಕೆಲಸ ಮಾಡೀರಿ."

"ಹೌದ್ರಿ?"

"ಹೌದ್ರಿ. ಹಿಂದಿನ ಸಲ ಅಲ್ಲೊಂದ ಇಲ್ಲೊಂದ ಎದ್ದಿತ್ತು. ಈಗ ಜಾಗಾನ ಬಿಟ್ಟಿಲ್ಲ."

ಆ ಮಧ್ಯಾಹ್ನ ಮಾಲೀಕರು ಶೆಡ್ಡಿನ ನಡುವೆ ನಿಂತು, ಲೇಥಿನವನು, ಗ್ರೈಂಡಿಂಗಿನವನು, ಪ್ಯಾಕಿಂಗಿನವರು ಎಲ್ಲರೂ ಕೇಳುವಂತೆ ಆಪರೇಟರಿಗೆ ಹೇಳಿದರು: "ನೀ ಊರಿಗೆ ಹೋಗು. ಇದು ಮುಗಿಯೂತನಾ ಮಶೀನ ಮುಟ್ಟಬ್ಯಾಡ. ಮುಗದ ಮ್ಯಾಲ ಬಾ ಅಂತನೂ ಹೇಳಂಗಿಲ್ಲ." ಅವನು ಕೈಗವಸು ಬಿಚ್ಚಿ ಮಶೀನಿನ ಮೇಲಿಟ್ಟ. ಒಂದರ ಮೇಲೊಂದು ಜೋಡಿಸಿ, ಅಂಚು ಸರಿಮಾಡಿ ಇಟ್ಟ. ನನ್ನ ಕೈಯಲ್ಲಿ ಆಗ ಲ್ಯಾಬಿನ ಕಾಗದವಿತ್ತು, ಅವನ ಪದರದಲ್ಲಿ ದೋಷವಿಲ್ಲ ಎಂದು ಹೇಳುವ ಕಾಗದ. ಅದನ್ನು ಎತ್ತಿ ಹಿಡಿಯುವ ಬದಲು ಮಡಚಿ ಜೇಬಿನಲ್ಲಿ ಹಾಕಿಕೊಂಡೆ. ದೋಷ ಅವನದಲ್ಲದಿದ್ದರೆ ಯಾರದು ಎಂದು ಮುಂದಿನ ಪ್ರಶ್ನೆ ಬರುತ್ತಿತ್ತಲ್ಲ, ಅದಕ್ಕೆ.

ಅವನಿಲ್ಲದೆ ಲೇಸರ್ ನಿಂತಿತು. ನಿಂತ ಮಶೀನಿನ ಮುಂದೆ ಕೂತು ಹಳೆಯ ಕೆಲಸಗಳ ವಹಿ ತಿರುವುತ್ತಿದ್ದಾಗ ಒಂದು ಸಾಲು ಕಣ್ಣಿಗೆ ಬಿತ್ತು. ಗಣಪತಿ ಹಬ್ಬದ ಸುಮಾರಿಗೆ ಗಡಹಿಂಗ್ಲಜ ಕಡೆಯ ಒಂದು ಸಕ್ಕರೆ ಕಾರ್ಖಾನೆಗೆ, ರಸ ಎತ್ತುವ ಪಂಪಿಗೆ, ಇದೇ ಪುಡಿಯ ಎರಡು ತೋಳು ಮಾಡಿಕೊಟ್ಟಿದ್ದೆವು. ತೋಳು ಅಂದರೆ ಶಾಫ್ಟಿನ ಮೇಲೆ ಏರಿಸುವ ಕೊಳವೆ. ಅದೇ ಮಶೀನು, ಅದೇ ಆಪರೇಟರ್. ಕಬ್ಬಿನ ರಸ ಹುಳಿ. ಅದೂ ಸುಮ್ಮನೆ ಬಿಡುವುದಲ್ಲ. ಅವು ಹೇಗಿವೆ? ಅವಕ್ಕೂ ತುಕ್ಕು ಹಿಡಿದಿದ್ದರೆ ಮಾಲೀಕರ ಮಾತು ನಿಜವಾಗಿರಬಹುದು. ಹಿಡಿಯದಿದ್ದರೆ?

ಮೊದಲ ಎಸ್‌.ಟಿ. ಬಸ್ಸು ಹಿಡಿದೆ. ಗಡಹಿಂಗ್ಲಜ ಸ್ಟ್ಯಾಂಡಿನಲ್ಲಿ ಇಳಿದವನು ಸೀದಾ ಕಾರ್ಖಾನೆಗೆ ಹೋಗಬೇಕಿತ್ತು. ಬದಲಿಗೆ ಆಪರೇಟರನ್ನು ಕರೆಯಲು ನೂಲಕ್ಕೆ ಫೋನು ಮಾಡಿದೆ. ಧೈರ್ಯದಿಂದಲ್ಲ, ಒಬ್ಬನೇ ಹೋಗಿ ಏನೋ ಕಂಡರೆ, ಕಂಡದ್ದು ನಿಜವೋ ನನ್ನ ಕಣ್ಣಿನ ಚಿಂತೆಯೋ ಎಂದು ಹೇಳುವವರು ಬೇಕಾಗಿತ್ತು.

ಅವನು ಮೋಟರ್‌ಸೈಕಲ್ಲಿನ ಮೇಲೆ ಬಂದ. ಅಂಗಿಯ ತೋಳಿನ ತುಂಬ ವೆಲ್ಡಿಂಗ್ ಕಿಡಿಯ ತೂತು.

"ಏನ ಮಾಡಾಕತ್ತಿ?"

"ಕಬ್ಬಿನ ಟ್ರ್ಯಾಲಿ ಕೊಂಡಿ ಬೆಸಿಯಾಕತ್ತೇನ್ರಿ. ಸೀಜನ್ ಐತಲ್ಲ. ಚಲೋ ಐತ್ರಿ, ಇಲ್ಲಿ ಯಾರೂ ಕ್ರೋಮಿಯಂ ಎಷ್ಟೈತಿ ಅಂತ ಕೇಳಂಗಿಲ್ಲ."

ಹಿಂದೆ ಕೂತೆ. ನಿಧಾನ ಹೊಡಿ ಎಂದು ಎರಡು ಸಲ ಹೇಳಿದೆ.

ಕಾರ್ಖಾನೆಯಲ್ಲಿ ಎರಡು ರಸದ ಪಂಪುಗಳು ಪಾಳಿಯ ಮೇಲೆ ಓಡುತ್ತಿದ್ದವು. ನಿಂತಿದ್ದ ಪಂಪಿನ ಮುಂದೆ ಅಲ್ಲಿಯ ಫಿಟ್ಟರ್ ಕುಕ್ಕರಗಾಲಲ್ಲಿ ಕೂತು, ಸೋರಿಕೆ ತಡೆಯುವ ಹಗ್ಗದ ಸುತ್ತುಗಳನ್ನು ಒಂದೊಂದಾಗಿ ಎಳೆದು ತೆಗೆದ. ತೋಳು ಕಾಣಿಸಿತು. ಬಟ್ಟೆಯಿಂದ ಒರೆಸಿದ. ರಸದ ಅಂಟಿನ ಕೆಳಗೆ ತಣ್ಣಗೆ ಹೊಳೆಯಿತು. ನಾನು ಬ್ಯಾಟರಿ ಹಿಡಿದು, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನೋಡಿದೆ. ಒಂದು ಚುಕ್ಕಿ ಇರಲಿಲ್ಲ.

"ಏನ್ ಹುಡುಕಾಕತ್ತೀರಿ ಸಾಹೇಬ್ರ?" ಎಂದ ಫಿಟ್ಟರ್.

"ತುಕ್ಕು."

"ಇಲ್ಲಲ್ರಿ."

"ಅದಕ್ಕ ಹುಡುಕಾಕತ್ತೇನಿ."

ಗೇಟಿನ ಹೊರಗೆ ಕಬ್ಬಿನ ಟ್ರ್ಯಾಲಿಗಳ ಸಾಲಿನ ಪಕ್ಕದ ಚಹಾ ಅಂಗಡಿಯಲ್ಲಿ ಕೂತೆವು. ಗಣಪತಿಗೆ ಮಾಡಿದ್ದು ಚೆನ್ನಾಗಿದೆ, ದಸರೆ ಆದಮೇಲೆ ಮಾಡಿದ್ದು ಕೆಟ್ಟಿದೆ. ನಡುವೆ ಏನು ಬದಲಾಯಿತು? ನಾನು ಒಂದೊಂದಾಗಿ ಹೇಳುತ್ತ ಹೋದೆ: ಪುಡಿ ಅದೇ, ಆರ್ಗಾನ್ ಅದೇ, ನಳಿಕೆ ಅದೇ. ಅವನು ಪ್ರತಿಯೊಂದಕ್ಕೂ ತಲೆಯಾಡಿಸುತ್ತಿದ್ದ. ಆಮೇಲೆ ಬಟ್ಟಲು ಕೆಳಗಿಟ್ಟ.

"ಸರ, ಖಂಡೇನವಮಿ."

"ಅದಕ್ಕೇನಾತು?"

"ನೀವ ಥಿನ್ನರ ಹಚ್ಚಿ ತಿಕ್ಕಿದ್ರಲ್ರಿ."

ದಸರೆಯ ಹಿಂದಿನ ದಿನ ನಮ್ಮಲ್ಲಿ ಆಯುಧಗಳ ಪೂಜೆ. ಮಶೀನು ಬಂದ್. ಶೆಡ್ಡಿನಲ್ಲಿರುವ ಎಲ್ಲ ಹತಾರಗಳನ್ನು ತೊಳೆದು, ಮೇಜಿನ ಮೇಲೆ ಜೋಡಿಸಿ, ಅರಿಸಿನ ಕುಂಕುಮ ಹಚ್ಚಿ, ಚೆಂಡು ಹೂ ಏರಿಸಿ, ಕಾಯಿ ಒಡೆಯುತ್ತೇವೆ. ಆ ಸಲ ಮಾಲೀಕರ ಮನೆಯವರೆಲ್ಲ ಬರುವವರಿದ್ದರು. ಬ್ರಷ್ಷುಗಳ ಹಿಡಿಕೆ, ಪಾಲಿಶ್ ಚಕ್ರದ ಡಬ್ಬಿಗಳು ಮಸಿ ಹಿಡಿದು ಹೊಲಸಾಗಿದ್ದವು. ದೇವರ ಮುಂದೆ ಹೀಗೆ ಇಡುವುದೇ ಎಂದು ನನಗೆ ಹೆದರಿಕೆ. ಬಣ್ಣ ಕರಗಿಸುವ ಥಿನ್ನರ್ ಡಬ್ಬಿ ತಂದು ನಾನೇ ಮುಂದಾಗಿ ನಿಂತು ತಿಕ್ಕಿದೆ. ಮಸಿ ಹೋಯಿತು. ಮಸಿಯ ಜೊತೆ ಹಿಡಿಕೆ, ಡಬ್ಬಿಗಳ ಮೇಲಿದ್ದ ನೀಲಿ ಬಣ್ಣದ ಪಟ್ಟಿಯೂ ಹೋಯಿತು.

ಆ ನೀಲಿ ಪಟ್ಟಿ ಅಲಂಕಾರಕ್ಕಿದ್ದದ್ದಲ್ಲ. ನಮ್ಮ ಶೆಡ್ಡಿನಲ್ಲಿ ಸಾದಾ ಉಕ್ಕಿನ ರಿಪೇರಿಯೂ ನಡೆಯುತ್ತದೆ, ಬೀಡುಕಬ್ಬಿಣದ್ದೂ ನಡೆಯುತ್ತದೆ. ಆ ಕೆಲಸದ ಬ್ರಷ್ಷು, ಚಕ್ರಗಳೇ ಬೇರೆ. ಸ್ಟೇನ್‌ಲೆಸ್ಸಿಗೆ ನೀಲಿ ಗುರುತಿನವೇ ಬೇರೆ. ಗುರುತು ಹೋದಮೇಲೆ ಎರಡೂ ಬೆರೆತುಹೋಗಿದ್ದವು. ಸಾದಾ ಉಕ್ಕಿನ ಬ್ರಷ್ ಸ್ಟೇನ್‌ಲೆಸ್ಸಿಗೆ ತಾಗಿದರೆ ಕಣ್ಣಿಗೆ ಕಾಣದ ಕಬ್ಬಿಣದ ಚೂರುಗಳು ಮೈಗೆ ಒತ್ತಿಕೊಳ್ಳುತ್ತವೆ. ಗಾಳಿಯ ತೇವಕ್ಕೇ ಅವು ತುಕ್ಕು ಹಿಡಿಯುತ್ತವೆ. ಉಗಿ ತುಂಬಿದ ಪ್ರೊಸೆಸ್ ಹೌಸಿನಲ್ಲಿ ಕೇಳಬೇಕೇ? ಬ್ಲೀಚ್ ನೀರು ಸಿಕ್ಕರೆ ಆ ತುಕ್ಕಿನ ಕೆಳಗೆ ಸ್ಟೇನ್‌ಲೆಸ್ಸಿನ ಪೊರೆಯೂ ಹರಿದು ಗುಂಡಿ ಬೀಳುತ್ತದೆ. ಈ ನೀಲಿ ಪಟ್ಟಿಯ ನಿಯಮ ತಂದವನು ನಾನೇ. ಗೋಡೆಗೆ ಬರೆದು ಹಚ್ಚಿದವನೂ ನಾನೇ.

"ನಾ ಅವತ್ತ ಕೇಳಿದ್ನಲ್ರಿ," ಎಂದ ಅವನು. "ನೀಲಿ ಎಲ್ಲಿ ಹೋತ್ರಿ ಅಂತ."

"ನಾ ಏನಂದೆ?"

"ದೇವರ ಮುಂದ ನೀಲಿ ಏನು, ಕೆಂಪ ಏನು, ಎಲ್ಲಾ ಒಂದ. ಇಡು ಲಗೂನ, ಮಾಲಕ್ರ ಕಾರ ಬಂತು ಅಂದ್ರಿ."

ಅಂದಿರಬೇಕು. ಕಾರು ಬಂದಾಗ ನಾನು ಆಡುವಂಥದ್ದೇ ಮಾತು ಅದು. ನಾಳೆ ಬಣ್ಣ ಹಚ್ಚಿದರಾಯಿತು ಎಂದುಕೊಂಡೆ. ನಾಳೆ ದಸರೆ, ಬನ್ನಿ ಹಂಚುವುದಿತ್ತು. ನಾಡಿದ್ದು ಬೇರೆ ಏನನ್ನೋ ಚಿಂತಿಸುತ್ತಿದ್ದೆ. ಇಡೀ ವರ್ಷ ಇಲ್ಲದ್ದನ್ನೆಲ್ಲ ಚಿಂತಿಸುವವನು, ಚಿಂತಿಸಬೇಕಾದ ಒಂದೇ ಒಂದನ್ನು ಕೈಯಾರೆ ಒರೆಸಿ ಹಾಕಿದ್ದೆ. ಮೇಲಾಗಿ ಎರಡನೇ ಸಲ, ಎದುರಿಗೆ ನಿಂತು, ಅದೇ ಚಕ್ರದಿಂದ ಎರಡೆರಡು ಬಾರಿ ಉಜ್ಜಿಸಿದ್ದೆ. ದಡಾರಕ್ಕೆ ದಡಾರವನ್ನೇ ಹಚ್ಚಿದ ವೈದ್ಯ.

"ಖಾತ್ರಿ ಮಾಡ್ಕೊಳ್ಳೂದು ಹೆಂಗ್ರಿ?" ಎಂದ ಅವನು.

ಅದಕ್ಕೊಂದು ಸುಲಭದ ಪರೀಕ್ಷೆಯಿದೆ. ಮೈಲುತುತ್ತವನ್ನು, ಅಂದರೆ ಇಲ್ಲಿಯವರು ಮೋರಚೂದ ಎನ್ನುವ ನೀಲಿ ಹರಳನ್ನು, ನೀರಿನಲ್ಲಿ ಕರಗಿಸಿ ಒಂದೆರಡು ಹನಿ ಗಂಧಕಾಮ್ಲ ಹಾಕಿ ಹಚ್ಚಬೇಕು. ಶುದ್ಧ ಸ್ಟೇನ್‌ಲೆಸ್ಸಿಗೆ ಏನೂ ಆಗುವುದಿಲ್ಲ. ಬಿಡಿ ಕಬ್ಬಿಣ ಇದ್ದಲ್ಲಿ ತಾಮ್ರ ಕೂತು ಕೆಂಪಗಾಗುತ್ತದೆ. ಬೆಳೆಗೆ ಔಷಧ ಹೊಡೆಯುವವರು ಬಳಸುವ ವಸ್ತುವಾದ್ದರಿಂದ ಗಡಹಿಂಗ್ಲಜದ ಪೇಟೆಯಲ್ಲೇ ಸಿಕ್ಕಿತು.

"ಯಾವ ಬೆಳಿಗ್ರಿ?" ಎಂದ ಅಂಗಡಿಯವನು.

"ಶಾಫ್ಟಿಗೆ."

"ಹೊಸಾ ತಳಿ ಏನ್ರಿ?"

ಮರುದಿನ ಕೊಲ್ಲಾಪುರದಲ್ಲಿ, ಶಾಫ್ಟುಗಳಿಗೆ ಆಡಿಸುತ್ತಿದ್ದ ಐದು ಬ್ರಷ್ಷುಗಳ ತುದಿಯನ್ನು ಆ ನೀರಿನಲ್ಲಿ ಅದ್ದಿದೆ. ಎರಡು ಬೆಳ್ಳಗೇ ಉಳಿದವು. ಮೂರು, ನಾನು ನೋಡುತ್ತಿರುವಂತೆಯೇ ತಾಮ್ರದ ಬಣ್ಣಕ್ಕೆ ತಿರುಗಿದವು. ಕತ್ತರಿಸಿಟ್ಟಿದ್ದ ಶಾಫ್ಟಿನ ತುಂಡಿಗೆ ಹಚ್ಚಿದೆ. ಐದಾರು ನಿಮಿಷದಲ್ಲಿ ಅದರ ಮೈಮೇಲೆ ಕೆಂಪು ಚುಕ್ಕಿಗಳು ಒಂದೊಂದಾಗಿ ಕಣ್ಣು ಬಿಟ್ಟವು.

ಮಾಲೀಕರು ನಿಂತು ನೋಡಿದರು.

"ಬರೇ ಬ್ರಷ್ಷಿನ್ದೇನ್ರಿ ಇಷ್ಟೆಲ್ಲಾ?"

"ಬ್ರಷ್ಷಿಂದಲ್ರಿ. ನಂದು," ಎಂದು ಖಂಡೇನವಮಿಯ ಕಥೆ ಹೇಳಿದೆ.

"ಅದ್ ಇರ್ಲಿ. ಇಚಲಕರಂಜಿಗೆ ಹಿಂಗ ಹೇಳಾಕ ಬರಂಗಿಲ್ಲ. ಪೂಜಿ ಮಾಡಿ ಕೆಡಿಸಿದ್ವಿ ಅಂದ್ರ ನಗ್ತಾರ. ಸಾಗಸೂದ್ರಾಗ ತೇವ ಹತ್ತೇತಿ ಅಂತ ಬರೀರಿ."

ಬರೆಯಬಹುದಿತ್ತು. ತೇವ ಯಾರ ಮೇಲೂ ಸಿಟ್ಟಾಗುವುದಿಲ್ಲ. ನನ್ನ ಸಹಿಗೆ ಕಲೆ ಹತ್ತುತ್ತಿರಲಿಲ್ಲ, ನನ್ನ ವಯಸ್ಸಿನಲ್ಲಿ ಬೇರೆ ಕೆಲಸ ಹುಡುಕುವ ಚಿಂತೆಯೂ ಇರುತ್ತಿರಲಿಲ್ಲ. ಆದರೆ ತೇವ ಎಂದು ಬರೆದರೆ ಶೆಡ್ಡಿನಲ್ಲಿ ಮಾಲೀಕರ ಮೊದಲ ತೀರ್ಪೇ ನಿಲ್ಲುತ್ತಿತ್ತು. ನೂಲದವನ ಕೈಯೇ ಕೆಟ್ಟದ್ದು ಎಂದು ಲೇಥಿನವನಿಂದ ಹಿಡಿದು ಎಲ್ಲರೂ ನಂಬಿಯೇ ಇರುತ್ತಿದ್ದರು.

"ನಾ ಹಂಗ ಬರಿಯಂಗಿಲ್ರಿ," ಎಂದೆ. "ಬೇಕಾದ್ರ ಬ್ಯಾರೆಯವ್ರ ಕಡಿಂದ ಸಹಿ ಮಾಡಿಸ್ಕೋರಿ."

ಇಚಲಕರಂಜಿಗೆ ಇಬ್ಬರೂ ಹೋದೆವು. ದಾರಿಯುದ್ದಕ್ಕೂ ಮಾಲೀಕರು ರೇಡಿಯೋದ ಧ್ವನಿ ಏರಿಸುತ್ತ, ಇಳಿಸುತ್ತ ಇದ್ದರು. ಸ್ಟೋರಿನಲ್ಲಿ ಶಾಫ್ಟಿಗೆ ಮೋರಚೂದದ ನೀರು ಹಚ್ಚಿ, ಗಡಿಯಾರ ನೋಡುತ್ತ ನಿಂತೆವು. ಚುಕ್ಕಿಗಳು ಎದ್ದವು.

"ಇದು ಹೆಂಗ ಬಂತು?" ಎಂದರು ಮುಖ್ಯಸ್ಥರು.

ಮಾಲೀಕರು ಬಾಯಿ ತೆರೆದರು. ಅವರಿಗಿಂತ ಮೊದಲು ನಾನು ಹೇಳಿಬಿಟ್ಟೆ: ಖಂಡೇನವಮಿ, ಥಿನ್ನರ್, ನೀಲಿ ಪಟ್ಟಿ. ಪ್ರಮಾಣಪತ್ರದ ಪರೀಕ್ಷೆ ಶಾಫ್ಟಿನದಲ್ಲ, ಬೇಸಿಗೆಯಲ್ಲಿ ಮಾಡಿದ ಮಾದರಿ ಪಟ್ಟಿಯದು ಎಂಬುದನ್ನೂ ಹೇಳಿದೆ. ಅದನ್ನು ಕೇಳಿ ಮಾಲೀಕರು ಕಣ್ಣು ಮುಚ್ಚಿಕೊಂಡರು.

ಮುಖ್ಯಸ್ಥರು ಮೊದಲು ನಕ್ಕರು. "ಹೋದ ವರ್ಷ ನಾನೂ ಹಂಗ ಮಾಡಿದ್ನಿ. ಬಾಯ್ಲರಿನ ಗೇಜಿಗೆ ಕುಂಕುಮ ಹಚ್ಚಿ ಹಚ್ಚಿ ಮುಳ್ಳ ಕಾಣಲಾರದಂಗ ಆಗಿತ್ತು. ಪ್ರೆಶರ್ ಎಷ್ಟಂದ್ರ ದೇವರನ್ನ ಕೇಳ್ರಿ ಅಂತಿದ್ದಾ ನಮ್ಮಾಂವ." ಆಮೇಲೆ ನಗು ನಿಲ್ಲಿಸಿದರು. "ನಗೂದು ಬ್ಯಾರೆ. ಈಗ ಹೇಳಿದ್ದೆಲ್ಲಾ ಬರದು ಕೊಡ್ರಿ. ಸಹಿ ಮಾಡಿ."

ಬರೆದುಕೊಟ್ಟೆ. ಶಾಫ್ಟುಗಳನ್ನು ತಂದೆವು. ಗುಂಡಿ ಬಿದ್ದಿದ್ದ ಎರಡನ್ನು ಲೇಥಿನಲ್ಲಿ ಇಳಿಸಿ ಹೊಸ ಪದರಕ್ಕೆ ಇಟ್ಟೆವು. ಉಳಿದವನ್ನು ಒತ್ತಿಕೊಂಡ ಕಬ್ಬಿಣ ಕರಗುವಂತೆ ನೈಟ್ರಿಕ್ ಆಮ್ಲದಲ್ಲಿ ಅದ್ದಿ, ತೊಳೆದು, ಮತ್ತೆ ಮೋರಚೂದ ಹಚ್ಚಿ ಕಾದೆ. ಆರು ನಿಮಿಷ ಅಂದರೆ ಆರು ನಿಮಿಷ. ಏನೂ ಏಳಲಿಲ್ಲ. ಇನ್ನೊಂದು ಆರು ನಿಮಿಷ ಕಾದೆ. ಉಪ್ಪುಮಂಜಿನ ಪೆಟ್ಟಿಗೆಗೆ ಈ ಸಲ ಮಾದರಿ ಪಟ್ಟಿಯ ಬದಲು ಕತ್ತರಿಸಿದ ಶಾಫ್ಟಿನ ತುಂಡನ್ನೇ ಆಮ್ಲದಲ್ಲಿ ಅದ್ದಿ ಒಯ್ದಿಟ್ಟೆ.

ಹೊಸ ಪದರ ಹೊದಿಸಲು ಆಪರೇಟರ್ ಬೇಕು. ನೂಲಕ್ಕೆ ಫೋನು ಮಾಡಿದೆ.

"ಮಾಲಕ್ರು ಬಾ ಅಂದಾರೇನ್ರಿ?"

"ಅಂದಾರ."

"ಹೋಗು ಅನ್ನೂದು ಎಲ್ಲಾರ ಮುಂದ. ಬಾ ಅನ್ನೂದು ಫೋನಿನ್ಯಾಗ. ಹಿಂಗೇನ್ರಿ ಪದ್ಧತಿ?"

ಆದರೂ ಸೋಮವಾರ ಬಂದ. ಕೈಗವಸು ಇಟ್ಟಲ್ಲೇ ಇತ್ತು, ಮುಟ್ಟಲಿಲ್ಲ. ಮಾಲೀಕರು ತಮ್ಮ ಕೋಣೆಯ ಬಾಗಿಲಿಗೆ ಬಂದು, "ಬಂದ್ಯಾ? ಚಾಲೂ ಮಾಡು," ಎಂದರು. ಅವನು ಚಾಲೂ ಮಾಡಲಿಲ್ಲ. ನನ್ನ ಬಳಿ ಬಂದು ಕೇಳಿದ:

"ಇಚಲಕರಂಜಿಗೆ ಬರದು ಕೊಟ್ಟೀರಂತಲ್ರಿ, ಆ ಕಾಗದ ಐತೇನ್ರಿ?"

"ಐತಿ. ಇಂಗ್ಲಿಷಿನ್ಯಾಗ ಐತಿ."

"ಕನ್ನಡದಾಗ ಹೇಳ್ಕೋತ ಓದ್ರಿ. ಇಲ್ಲೇ ನಿಂತು."

ಅವನು ತೋರಿಸಿದ ಜಾಗ ಶೆಡ್ಡಿನ ನಟ್ಟನಡುವೆ ಇತ್ತು. ಸುತ್ತಲಿನವರು ಕೆಲಸ ಮಾಡುತ್ತಿರುವಂತೆ ನಟಿಸುತ್ತ ಕಿವಿ ಇತ್ತ ಕೊಟ್ಟರು. ಕಾಗದ ಹಿಡಿದು ಓದಿದೆ. ಲೇಸರ್ ಪದರದಲ್ಲಿ ದೋಷವಿಲ್ಲ. ಆಪರೇಟರ್ ಯಾವ ಬದಲಾವಣೆಯನ್ನೂ ಮಾಡಿಲ್ಲ. ಹತಾರಗಳ ಗುರುತು ಅಳಿಸಿದ್ದು ಗುಣಮಟ್ಟ ವಿಭಾಗದ ಮುಖ್ಯಸ್ಥ. ಆಪರೇಟರ್ ಅದೇ ದಿನ ಅದನ್ನು ಗಮನಕ್ಕೆ ತಂದಿದ್ದ. ಮುಖ್ಯಸ್ಥ ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಳಗೆ ನನ್ನ ಹೆಸರು. ಓದುವಾಗ ಎರಡು ಕಡೆ ತಡವರಿಸಿದೆ, ಮುಗಿಸಿ ಕಾಗದ ಮಡಚತೊಡಗಿದೆ.

"ಮಡಚಬ್ಯಾಡ್ರಿ," ಎಂದ. "ಲೇಥಿನಾಂವಗ ಕೇಳ್ಸಿಲ್ಲ."

ಅವನು ಗೋಡೆಯ ಕಡೆ ನಡೆದು ಕಂಪ್ರೆಸರ್ ಬಂದ್ ಮಾಡಿದ. ಶೆಡ್ಡು ಒಮ್ಮೆಲೇ ಎಷ್ಟು ಸುಮ್ಮನಾಯಿತೆಂದರೆ ಹೊರಗೆ ರಸ್ತೆಯಲ್ಲಿ ಯಾರೋ ಸೈಕಲ್ ಬೆಲ್ಲು ಹೊಡೆದದ್ದೂ ಕೇಳಿತು. ಮಾಲೀಕರು ಬಾಗಿಲಲ್ಲೇ ನಿಂತಿದ್ದರು. ನಾನು ಕಾಗದ ಬಿಚ್ಚಿ, ಮೊದಲಿನಿಂದ ಓದತೊಡಗಿದೆ.